ಆದಾಯ ತೆರಿಗೆ ಇ-ಫೈಲಿಂಗ್ ಪೋರ್ಟಲ್: ತುಂಬಿಕೊಡುತ್ತದೆ, ಉಳಿಸಿಕೊಡುವುದಿಲ್ಲ

ಸಂಬಳ, ಒಂದು ಮನೆ, ಬ್ಯಾಂಕ್ ಬಡ್ಡಿ ಇಷ್ಟೇ ಇರುವವರು ರಿಟರ್ನ್ ಸಲ್ಲಿಸಲು ಯಾವ ಆ್ಯಪ್‌ಗೂ ದುಡ್ಡು ಕೊಡಬೇಕಿಲ್ಲ, ಇಲಾಖೆಯ ಪೋರ್ಟಲ್ಲೇ ಸಾಕು. ಇನ್ಫೋಸಿಸ್ ಕಟ್ಟಿದ ಈ ತಾಣ 2021ರ ಜೂನ್ 7ರಂದು ತೆರೆದಾಗ ತಿಂಗಳುಗಟ್ಟಲೆ ಮುಗ್ಗರಿಸಿತ್ತು. ಆ ವರ್ಷದ ಗಡುವು ಡಿಸೆಂಬರ್ 31ಕ್ಕೆ ಹೋಗಿತ್ತು. ಈಗ ಸಂಬಳ, ಟಿಡಿಎಸ್ (ಮೊದಲೇ ಕಡಿದುಕೊಂಡ ತೆರಿಗೆ), ಬಡ್ಡಿ ಎಲ್ಲ ಮೊದಲೇ ತುಂಬಿ ಬರುತ್ತದೆ. ತೊಂದರೆ ಇರುವುದೂ ಅಲ್ಲೇ. ತುಂಬಿ ಬಂದದ್ದನ್ನು ಒಪ್ಪಿ ಮುಂದೆ ಹೋದರೆ ನೀವು ಹೊಸ ಪದ್ಧತಿಯಲ್ಲಿ (ದರ ಕಡಿಮೆ, ಆದರೆ ಹಳೆಯದರ ಹೆಚ್ಚಿನ ಕಡಿತಗಳಿಲ್ಲ) ತೆರಿಗೆ ಕಟ್ಟಿರುತ್ತೀರಿ.

ಹೊಸ ಪದ್ಧತಿಯಿಂದ ಹೊರಗೆ ಹೋಗುತ್ತೀರಾ ಎಂದು ಫಾರ್ಮ್ ಕೇಳುತ್ತದೆ. ಹಳೆಯದು ಬೇಕಿದ್ದರೆ 'ಹೌದು' ಒತ್ತಬೇಕು. 'ಹಳೆಯದೋ ಹೊಸದೋ' ಎಂದು ನೇರವಾಗಿ ಕೇಳಿದ್ದರೆ ಅರ್ಧ ಗೊಂದಲ ತಪ್ಪುತ್ತಿತ್ತು. ವ್ಯಾಪಾರದ ಆದಾಯ ಇಲ್ಲದವರು ಪ್ರತಿ ವರ್ಷ ಬದಲಾಯಿಸಬಹುದು, ಆದರೆ ಗಡುವಿನೊಳಗೆ ಮಾತ್ರ. ತಡವಾದರೆ ಹೊಸ ಪದ್ಧತಿಯೇ ಗತಿ, ಜೊತೆಗೆ 5,000 ರೂಪಾಯಿ ಶುಲ್ಕ (ಒಟ್ಟು ಆದಾಯ 5 ಲಕ್ಷದೊಳಗಿದ್ದರೆ 1,000).

ಯಾವುದು ಲಾಭ? 2025-26ರ ಆರ್ಥಿಕ ವರ್ಷಕ್ಕೆ 15 ಲಕ್ಷ ಸಂಬಳ ಹಿಡಿಯೋಣ. ಹೊಸದರಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 14.25 ಲಕ್ಷಕ್ಕೆ ಸೆಸ್ ಸೇರಿ 97,500 ತೆರಿಗೆ. ಹಳೆಯದರಲ್ಲಿ ಸ್ಟ್ಯಾಂಡರ್ಡ್ 50,000, 80ಸಿ (ಪಿಎಫ್, ಜೀವ ವಿಮೆಯಂಥ ಉಳಿತಾಯ) 1.5 ಲಕ್ಷ, ಎನ್‌ಪಿಎಸ್ ಪಿಂಚಣಿ ಯೋಜನೆಗೆ ಇನ್ನೊಂದು 50,000, ಆರೋಗ್ಯ ವಿಮೆ 25,000 ಎಲ್ಲ ಹಾಕಿದರೂ ಗೆಲುವು ನಿಂತಿರುವುದು ಮನೆ ಬಾಡಿಗೆಯ ಮೇಲೆ. ಬೇಸಿಕ್ (ಮೂಲ ವೇತನ) 7.5 ಲಕ್ಷ, ಎಚ್‌ಆರ್‌ಎ (ಸಂಬಳದಲ್ಲಿನ ಮನೆ ಬಾಡಿಗೆ ಭತ್ಯೆ) 3.75 ಲಕ್ಷ, ಬಾಡಿಗೆ ತಿಂಗಳಿಗೆ 37,500. ಚೆನ್ನೈನಲ್ಲಿದ್ದರೆ ಬೇಸಿಕ್‌ನ 50% ಮಿತಿ, ಎಚ್‌ಆರ್‌ಎ ಪೂರ್ತಿ ವಿನಾಯಿತಿ, ತೆರಿಗೆ 85,800. ಬೆಂಗಳೂರಿನಲ್ಲಿದ್ದರೆ 40% ಮಿತಿ, 3 ಲಕ್ಷಕ್ಕೆ ವಿನಾಯಿತಿ ನಿಲ್ಲುತ್ತದೆ, ತೆರಿಗೆ 1,01,400. ಅದೇ ಸಂಬಳ, ಅದೇ ಬಾಡಿಗೆ. ಚೆನ್ನೈಯವನಿಗೆ ಹಳೆಯದು 11,700 ಉಳಿಸಿತು, ಬೆಂಗಳೂರಿನವನಿಗೆ 3,900 ಹೆಚ್ಚು ಖರ್ಚು. 2025-26ರ ಲೆಕ್ಕದ ಮಟ್ಟಿಗೆ ಬೆಂಗಳೂರು ಮಹಾನಗರ ಅಲ್ಲ! ಪೋರ್ಟಲ್‌ನ ಕ್ಯಾಲ್ಕುಲೇಟರ್ ಎರಡನ್ನೂ ಪಕ್ಕಪಕ್ಕ ತೋರಿಸುತ್ತದೆ, ಆದರೆ ಕಡಿತಗಳನ್ನು ನೀವೇ ಹಾಕಬೇಕು. ಹಳೆಯದನ್ನು ಆರಿಸಿದರೆ ಪಾಲಿಸಿ ಸಂಖ್ಯೆ, ವಿಮಾ ಕಂಪನಿಯ ಹೆಸರು, ಕಟ್ಟಿದ ಬಾಡಿಗೆಯ ವಿವರವನ್ನೂ ಈಗ ಕೇಳುತ್ತದೆ. ಕಾಗದ ಹತ್ತಿರ ಇಟ್ಟುಕೊಂಡೇ ಕೂರಿ.

ಹೊಸ ಪದ್ಧತಿಯಲ್ಲೂ ಉಳಿಸುವ ದಾರಿ ಒಂದಿದೆ, ಕಂಪನಿಯೇ ಕಟ್ಟುವ ಎನ್‌ಪಿಎಸ್. ಬೇಸಿಕ್‌ನ 14%ವರೆಗೆ ಕಡಿತ ಸಿಗುತ್ತದೆ. ಮೇಲಿನ ಉದಾಹರಣೆಯಲ್ಲಿ 1,05,000 ಕಳೆದು 16,380 ಉಳಿಯುತ್ತದೆ. ಇದನ್ನು ವರ್ಷದ ಆರಂಭದಲ್ಲೇ ಎಚ್‌ಆರ್‌ಗೆ ಹೇಳಿ ಸಿಟಿಸಿಯಲ್ಲಿ (ಕಂಪನಿ ಕೊಡುವ ಒಟ್ಟು ಸಂಬಳದ ಪ್ಯಾಕೇಜ್) ಸೇರಿಸಿಕೊಳ್ಳಬೇಕು. ಜುಲೈನಲ್ಲಿ ಪೋರ್ಟಲ್ ಮುಂದೆ ಕೂತು ಸೇರಿಸಲಾಗದು.

ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ ಎಂಬ ಮಾತನ್ನು ಷೇರು ಮಾರುವವರು ಎಚ್ಚರದಿಂದ ಕೇಳಬೇಕು. ಷೇರಿನ ಅಲ್ಪಾವಧಿ ಲಾಭಕ್ಕೆ 20% ತೆರಿಗೆ ಇದ್ದೇ ಇದೆ. 12 ಲಕ್ಷದವರೆಗಿನ ತೆರಿಗೆಯನ್ನು ಸೊನ್ನೆ ಮಾಡುವ 87ಎ ರಿಯಾಯಿತಿ ಅದಕ್ಕೆ ತಾಗುವುದಿಲ್ಲ. ಇಂಥ ಲಾಭವಿದ್ದರೆ ಐಟಿಆರ್-1 ಎಂಬ ಸರಳ ಫಾರ್ಮ್ ಸಲ್ಲದು, ಐಟಿಆರ್-2 ಬೇಕು.

ಮಲೆನಾಡಿನ ಅಡಿಕೆ ತೋಟದವರು ಎಡವುವುದೂ ಇಲ್ಲೇ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಸರಿ. ಆದರೆ 5,000 ದಾಟಿದರೆ ಐಟಿಆರ್-1 ನಡೆಯದು, ಸಂಬಳದ ತೆರಿಗೆಯ ದರ ನಿರ್ಧರಿಸುವಾಗ ಅದನ್ನೂ ಕೂಡಿಸುತ್ತಾರೆ. 5 ಲಕ್ಷ ದಾಟಿದರೆ ಜಿಲ್ಲೆ, ಪಿನ್‌ಕೋಡ್, ಜಮೀನಿನ ವಿಸ್ತೀರ್ಣ, ಸ್ವಂತದ್ದೋ ಗುತ್ತಿಗೆಯದೋ, ನೀರಾವರಿಯೋ ಮಳೆಯಾಶ್ರಿತವೋ ಎಲ್ಲ ಬರೆಯಬೇಕು. ಈ ವಿನಾಯಿತಿ ಸ್ವತಂತ್ರ ಭಾರತದ ಕೊಡುಗೆ ಅಂದುಕೊಂಡವರೇ ಹೆಚ್ಚು. 1857ರ ದಂಗೆಯ ಖರ್ಚು ತುಂಬಲು ಬ್ರಿಟಿಷ್ ಸರ್ಕಾರದ ಹಣಕಾಸು ನೋಡಿಕೊಳ್ಳುತ್ತಿದ್ದ ಜೇಮ್ಸ್ ವಿಲ್ಸನ್ 1860ರಲ್ಲಿ ಆದಾಯ ತೆರಿಗೆ ತಂದಾಗ ಜಮೀನಿನ ಆದಾಯವೂ ಅದರೊಳಗಿತ್ತು: ವರ್ಷಕ್ಕೆ 200 ರೂಪಾಯಿಯೊಳಗೆ ಏನೂ ಇಲ್ಲ, 500ರವರೆಗೆ 2%, ಅದರ ಮೇಲೆ 4%. ಅದೇ ವರ್ಷದ ಆಗಸ್ಟ್‌ನಲ್ಲಿ ಅವನು ಕಲ್ಕತ್ತೆಯಲ್ಲಿ ತೀರಿಕೊಂಡ. ಕೃಷಿಯನ್ನು ಹೊರಗಿಟ್ಟದ್ದು 1886ರ ಕಾಯ್ದೆ. ಇವತ್ತಿನ 30% ಭಾರವೆನಿಸಿದರೆ 1973-74 ನೆನೆಯಿರಿ. 2 ಲಕ್ಷದ ಮೇಲಿನ ಆದಾಯಕ್ಕೆ ಸರ್‌ಚಾರ್ಜ್ ಸೇರಿ 97.75%.

ಸಲ್ಲಿಸುವ ಮೊದಲು ಎಐಎಸ್ (ನಿಮ್ಮ ವರ್ಷದ ವ್ಯವಹಾರಗಳ ಬಗ್ಗೆ ಇಲಾಖೆಯ ಬಳಿ ಇರುವ ಪಟ್ಟಿ) ತೆರೆದು ನೋಡಿ. ಟಿಡಿಎಸ್ ಕಡಿಯದ ಎಫ್‌ಡಿ ಬಡ್ಡಿಯೂ ಅಲ್ಲಿರುತ್ತದೆ, ಬಿಟ್ಟರೆ ನೋಟಿಸ್ ಬರಬಹುದು. ಒಂದೇ ವ್ಯವಹಾರ ಎರಡು ಸಲ ಕಂಡರೆ ಅಲ್ಲೇ ಫೀಡ್‌ಬ್ಯಾಕ್ ಹಾಕಬಹುದು, ಆದರೆ ಅದು ಸರಿಯಾಗುವವರೆಗೆ ಕಾಯುತ್ತಾ ಗಡುವು ಮೀರಬೇಡಿ. ಬ್ಯಾಂಕ್ ಖಾತೆಯನ್ನು ಪೋರ್ಟಲ್‌ನಲ್ಲಿ ಮೊದಲೇ ವ್ಯಾಲಿಡೇಟ್ ಮಾಡಿಸಿ. ಇಲ್ಲದಿದ್ದರೆ ರಿಫಂಡ್ ಬಾರದು.

ಸಲ್ಲಿಸಿದ 30 ದಿನದೊಳಗೆ ಆಧಾರ್ ಒಟಿಪಿಯಿಂದ ವೆರಿಫೈ ಮಾಡಬೇಕು. ಆಗದವರು ಐಟಿಆರ್-ವಿ (ಸಲ್ಲಿಕೆಯ ಸ್ವೀಕೃತಿ ಪತ್ರ) ಮೇಲೆ ಸಹಿ ಹಾಕಿ ಬೆಂಗಳೂರು 560500ರ ಸಿಪಿಸಿಗೆ (ರಿಟರ್ನ್ ಪರಿಶೀಲಿಸುವ ಇಲಾಖೆಯ ಕೇಂದ್ರ) ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಬಹುದು. ದೇಶದ ಯಾವ ಮೂಲೆಯ ರಿಟರ್ನ್ ಆದರೂ ಬರುವುದು ಇಲ್ಲಿಗೇ. ಆಮೇಲೆ ಇಲಾಖೆಯ ಲೆಕ್ಕ ತಿಳಿಸುವ 143(1) ಪತ್ರ ಇಮೇಲ್‌ಗೆ ಬರುತ್ತದೆ. ಪಾಸ್‌ವರ್ಡ್ ಸಣ್ಣಕ್ಷರದ ಪ್ಯಾನ್, ಅದಕ್ಕೆ ಅಂಟಿದಂತೆ ಎಂಟಂಕಿಯ ಹುಟ್ಟಿದ ದಿನಾಂಕ. ಅದರ ಎರಡು ಕಾಲಂಗಳಲ್ಲಿ ನೀವು ಹಾಕಿದ ಟಿಡಿಎಸ್ ಮತ್ತು ಇಲಾಖೆ ಒಪ್ಪಿದ ಟಿಡಿಎಸ್ ಬೇರೆಯಾಗಿದ್ದರೆ, ಮೊದಲು ನೋಡಬೇಕಾದದ್ದು 26ಎಎಸ್, ಅಂದರೆ ನಿಮ್ಮ ಹೆಸರಲ್ಲಿ ಜಮೆಯಾದ ಟಿಡಿಎಸ್ ಪಟ್ಟಿ.