ಕಂಬಿ ಹಿಡಿಸಿ 18 ಸಾವಿರ ತಗೊಂಡರು

ಹಾಸನದಲ್ಲಿ ಮೈಕೈ ನೋವಿಗೆ "90 ದಿನದಲ್ಲಿ ಬೇರುಸಹಿತ ಗುಣ" ಅಂತ ಬೋರ್ಡ್ ಹಾಕಿಕೊಂಡವರ ಹತ್ತಿರ ಹೋಗುವ ಯೋಚನೆ ಇದ್ದರೆ ಇದನ್ನು ಓದಿ ಆಮೇಲೆ ಹೋಗಿ. ಅಲ್ಲ, ಹೋಗಲೇಬೇಡಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಅದಕ್ಕೇ ಬರೆಯಲು ನಾಚಿಕೆ.

ಎರಡು ವರ್ಷದಿಂದ ಮೈಯೆಲ್ಲ ನೋವು. ಇವತ್ತು ಭುಜ, ನಾಳೆ ಸೊಂಟ, ನಾಡಿದ್ದು ತೊಡೆ. ರಾತ್ರಿಯಿಡೀ ಮಲಗಿ ಎದ್ದರೂ ನಾಟಿ ಮಾಡಿ ಬಂದಷ್ಟು ಸುಸ್ತು. ಪಾಠ ಮಾಡುತ್ತಾ ನಿಂತಲ್ಲೇ ಪದ ಮರೆತುಹೋಗುತ್ತಿತ್ತು. ಥೈರಾಯ್ಡ್, ಉರಿಯೂತ ಹುಡುಕುವ ರಕ್ತಪರೀಕ್ಷೆ ಇಎಸ್‌ಆರ್, ಎಕ್ಸ್‌ರೇ ಎಲ್ಲ ನಾರ್ಮಲ್. ಮನೆಯಲ್ಲಿ "ನಿಂಗೇನೂ ಇಲ್ಲ, ಟೆನ್ಶನ್ ಅಷ್ಟೆ" ಅನ್ನುತ್ತಿದ್ದರು. ಕೊನೆಗೆ ಒಬ್ಬ ಡಾಕ್ಟರ್ ಫೈಬ್ರೊಮಯಾಲ್ಜಿಯಾ ಅಂದರು. ಪೂರ್ತಿ ವಾಸಿ ಮಾಡುವ ಮಾತ್ರೆ ಇಲ್ಲ, ಹಿಡಿತಕ್ಕೆ ತರಬಹುದು, ದಿನಾ ನಡೆಯಿರಿ ಅಂದರು. ನೋವು ಅಂತ ಹೋದವಳಿಗೆ ನಡಿ ಅನ್ನುತ್ತಾರಲ್ಲ ಅಂತ ಸಿಟ್ಟು ಬಂತು. ಅವರು ಹೇಳಿದ್ದೇ ಸರಿ ಇತ್ತು!

ಕಳೆದ ದೀಪಾವಳಿಗೆ ಹಾಸನಾಂಬೆ ದರ್ಶನದ ಕ್ಯೂನಲ್ಲಿ ಐದು ಗಂಟೆ ನಿಂತೆ. ವರ್ಷಕ್ಕೊಮ್ಮೆ ಬಾಗಿಲು ತೆರೆಯೋದು, ಬಿಡೋಕಾಗುತ್ತಾ. ಆಮೇಲೆ ಒಂದು ವಾರ ಹಾಸಿಗೆ. ಆಗ ಯಾರೋ ಈ ಜಾಗ ಹೇಳಿದರು.

ಹೋದೆ. ಅಲ್ಲಿನ ಮಹಾಶಯರು ಮೈಮೇಲೆ 18 ಕಡೆ ಒತ್ತಿ, "14 ಕಡೆ ನೋವಿದೆ, 11 ಇದ್ದರೆ ಸಾಕು, ನಿಮ್ಮದು ಕನ್ಫರ್ಮ್" ಅಂದರು. ಆಮೇಲೆ ಕೈಗೆ ಒಂದು ಲೋಹದ ಕಂಬಿ. ಅದರ ವೈರು ಲ್ಯಾಪ್‌ಟಾಪಿಗೆ. ಒಂದೇ ನಿಮಿಷ. ಮೂವತ್ತು ಪುಟ ಪ್ರಿಂಟ್ ಬಂತು. ಲಿವರ್, ನರ, ಮೂಳೆ, ಎಲ್ಲದಕ್ಕೂ ಅಂಕ! ನನ್ನ ಮಕ್ಕಳ ಮಾರ್ಕ್ಸ್ ಕಾರ್ಡ್ ಇದ್ದ ಹಾಗೆ. ಪ್ಯಾಕೇಜ್ 36 ಸಾವಿರ, ಅರ್ಧ ಮುಂಗಡ. ಕೊಟ್ಟೆ. 18 ಸಾವಿರ, ಎಣಿಸಿ ಕೊಟ್ಟೆ.

ಕೊಟ್ಟಿದ್ದು ಹೆಸರಿಲ್ಲದ ಪುಡಿ. ಲೇಬಲ್ ಇಲ್ಲ, ಒಳಗೆ ಏನಿದೆ ಅಂತ ಇಲ್ಲ. ಕೇಳಿದರೆ "ನಮ್ಮ ತಾತನ ಕಾಲದ್ದು ಮೇಡಂ". ಮೊದಲ ಹದಿನೈದು ದಿನ ಹಸಿವು, ಹುಮ್ಮಸ್ಸು. ನಾನೇ ಸ್ಟಾಫ್ ರೂಮಿನಲ್ಲಿ ಇಬ್ಬರಿಗೆ ಆ ಜಾಗ ಹೇಳಿದೆ, ಅದು ಇನ್ನೂ ಚುಚ್ಚುತ್ತದೆ. ಆಮೇಲೆ ಮುಖ ಊದಿತು. ನೋವು ವಾಪಸ್. ಫೋನ್ ಮಾಡಿದರೆ: "ಒಳಗಿನ ರೋಗ ಹೊರಗೆ ಬರ್ತಾ ಇದೆ, ಒಳ್ಳೇದೇ."

ಒಳ್ಳೇದಂತೆ!

ನಲವತ್ತನೇ ದಿನ ಯಜಮಾನರನ್ನೂ ಕರೆದುಕೊಂಡು ಹೋದೆ. "ಫ್ಯಾಮಿಲಿಗೆ ಸ್ಕ್ಯಾನ್ ಫ್ರೀ" ಅಂದರು. ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಹುಡುಗಿ ಇವರ ವಯಸ್ಸು, ತೂಕ, ಎತ್ತರ ಹಾಕಿದಳು. ಗಂಡು ಅಂತ ಒತ್ತುವುದು ಮರೆತಳು. ಇವರು ಕಂಬಿ ಹಿಡಿದರು. ರಿಪೋರ್ಟ್ ಬಂತು. ಎಂಟನೇ ಪುಟದಲ್ಲಿ: ಗರ್ಭಕೋಶ ದುರ್ಬಲ, ಮುಟ್ಟಿನಲ್ಲಿ ಏರುಪೇರು.

ಇವರು ನನ್ನ ಮುಖ ನೋಡಿದರು. ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು. ಕಂಬಿ ಏನನ್ನೂ ಅಳೆಯುತ್ತಿಲ್ಲ, ಟೈಪ್ ಮಾಡಿದ್ದನ್ನು ನೋಡಿ ಕತೆ ಕಟ್ಟುತ್ತದೆ. ಮಕ್ಕಳಿಗೆ ಪ್ರಯೋಗ ಮಾಡಿ ನೋಡಿ ನಂಬಿ ಅನ್ನುವವಳು ನಾನು.

"ಸಾಫ್ಟ್‌ವೇರ್ ಅಪ್‌ಡೇಟ್ ಆಗ್ತಾ ಇದೆ ಸಾರ್" ಅಂದರು. ದುಡ್ಡು ವಾಪಸ್ ಕೇಳಿದೆ. "ನಿಮ್ಮ ನೆಗೆಟಿವ್ ಮನಸ್ಸಿಂದಲೇ ನೋವು ಹೋಗ್ತಿಲ್ಲ ಮೇಡಂ." ಮನೆಗೆ ಬಂದು ಚೀಟಿ ನೋಡಿದರೆ ಅದರಲ್ಲಿ ಚಿಕಿತ್ಸೆ ಅನ್ನುವ ಪದವೇ ಇಲ್ಲ. "ಕ್ಷೇಮ ಸದಸ್ಯತ್ವ ಶುಲ್ಕ" ಅಂತಿದೆ.

ಮೈಸೂರಿನಲ್ಲಿ ರುಮಟಾಲಜಿಸ್ಟ್ (ಕೀಲು, ಸ್ನಾಯು ನೋವಿನ ತಜ್ಞರು) ಹತ್ತಿರ ಹೋದೆ. ಊದಿದ ಮುಖ, ಏರಿದ ಶುಗರ್ ನೋಡಿ ಅವರಿಗೆ ಪುಡಿಯಲ್ಲಿ ಸ್ಟೀರಾಯ್ಡ್ ಇರಬಹುದು ಅಂತ ಅನುಮಾನ. ಅದನ್ನು ಒಮ್ಮೆಲೇ ನಿಲ್ಲಿಸಿದರೂ ಅಪಾಯವಂತೆ, ಅದಕ್ಕೇ ಮೊದಲು ಮೈ ತಾನೇ ಮಾಡಿಕೊಳ್ಳುವ ಸ್ಟೀರಾಯ್ಡ್ ಎಷ್ಟಿದೆ ಅಂತ ಕಾರ್ಟಿಸಾಲ್ ಪರೀಕ್ಷೆ ಮಾಡಿಸಿದರು. ಈ ಕಾಯಿಲೆಯಲ್ಲಿ ಕೀಲು ಉರಿಯೂತ ಇಲ್ಲ, ಹಾಗಾಗಿ ಸ್ಟೀರಾಯ್ಡಿಗೆ ಇಲ್ಲಿ ಕೆಲಸವೇ ಇಲ್ಲ ಅಂದರು. ನರಗಳು ಕಳಿಸುವ ಸಣ್ಣ ನೋವನ್ನೂ ಮೆದುಳು ದೊಡ್ಡದು ಮಾಡಿಕೊಳ್ಳುತ್ತದೆ. ಅದಕ್ಕೇ ಪರೀಕ್ಷೆಯಲ್ಲಿ ಏನೂ ಸಿಗಲ್ಲ, ನೋವು ಮಾತ್ರ ನಿಜ. 18 ಕಡೆ ಒತ್ತುವ ಲೆಕ್ಕ ಕೇಳಿ ನಕ್ಕರು. ಅದು 1990ರ ನಿಯಮ. 2010ರಲ್ಲಿ ಬಂದ ಹೊಸ ನಿಯಮಕ್ಕೆ ಒತ್ತಿ ನೋಡಲೇಬೇಕು ಅಂತಿಲ್ಲ. ಎಲ್ಲೆಲ್ಲಿ ನೋವು, ನಿದ್ದೆ ಹೇಗೆ, ಸುಸ್ತು, ಮರೆವು, ಮೂರು ತಿಂಗಳಿಂದ ಇದೆಯಾ ಅಂತ ಕೇಳುತ್ತಾರೆ.

ಈಗ ರಾತ್ರಿ ಒಂದು ಸಣ್ಣ ಮಾತ್ರೆ. ಬೆಳಿಗ್ಗೆ ಹತ್ತು ನಿಮಿಷದಿಂದ ಶುರು ಮಾಡಿದ ನಡಿಗೆ ಇಪ್ಪತ್ತೈದಕ್ಕೆ ಬಂದಿದೆ. ಚೆನ್ನಾಗಿರುವ ದಿನ ಮನೆಯೆಲ್ಲ ತೊಳೆದು ಮೂರು ದಿನ ಬೀಳುವುದನ್ನು ಬಿಟ್ಟಿದ್ದೇನೆ. ನೋವು ಹೋಗಿಲ್ಲ, ಶಾಲೆಗೆ ರಜೆ ಹಾಕುವುದು ಕಮ್ಮಿಯಾಗಿದೆ.

ಲೇಬಲ್ ಇಲ್ಲದ ಪುಡಿ ಬಾಯಿಗೆ ಹಾಕಬೇಡಿ. ಕಂಬಿ ಹಿಡಿ ಅಂದರೆ ಎದ್ದು ಬನ್ನಿ. ಮುಂಗಡ ಕೇಳಿದರೂ ಎದ್ದು ಬನ್ನಿ. ಈಗಾಗಲೇ ಕೊಟ್ಟಿದ್ದರೆ ಚೀಟಿ, ಪುಡಿ ಎರಡೂ ಎತ್ತಿಟ್ಟುಕೊಳ್ಳಿ, ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಾನು ಮಾಡಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಕೊಡಲು ಅರ್ಜಿಯೂ ರೆಡಿ ಇದೆ, ಜೊತೆಗೆ ಯಜಮಾನರ ಗರ್ಭಕೋಶದ ರಿಪೋರ್ಟ್ ಇಟ್ಟಿದ್ದೇನೆ. ಬೇಡ ಕಣೇ, ಮಾನ ಹೋಗುತ್ತೆ ಅನ್ನುತ್ತಿದ್ದಾರೆ. ನಾನು ತೆಗೆದಿಲ್ಲ.