ಟೋರ್ಬೆಲ್‌ನಲ್ಲಿ ನಾಲ್ಕು ರಾತ್ರಿ: ಮನೆಗೆ ನಾಲ್ಕು, ಊರಿಗೆ ಐದಕ್ಕೆ ಐದು

ಮೊದಲೇ ಹೇಳಿಬಿಡುತ್ತೇನೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ತೋಟದವರು ಯಾರಾದರೂ ಸ್ವಿಟ್ಜರ್‌ಲ್ಯಾಂಡಿಗೆ ಹೋಗುವುದಿದ್ದರೆ ಟೋರ್ಬೆಲ್‌ನಲ್ಲಿ ಎರಡು ರಾತ್ರಿಯಾದರೂ ಉಳಿಯಿರಿ. ಎಲ್ಲರೂ ಜೆರ್ಮಾಟ್‌ಗೆ ಹೋಗಿ ಮ್ಯಾಟರ್‌ಹಾರ್ನ್ ಫೋಟೋ ತೆಗೆದುಕೊಂಡು ಬರುತ್ತಾರೆ. ಅದೇ ರೈಲಿನಲ್ಲಿ ನಡುವೆ ಇಳಿದು ಬಸ್ ಹತ್ತಿದರೆ ಸಿಗುವ ಊರು ಇದು. ಐನೂರರ ಆಸುಪಾಸು ಜನ, ಅಷ್ಟೇ. ನಾವು ಉಳಿದ ಬಾಡಿಗೆ ಮನೆಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಊರಿಗೆ ಐದಕ್ಕೆ ಐದು.

ಹೋದವರು ನಾಲ್ಕು ಜನ. ನಾನು, ಹೆಂಡತಿ, ಬರ್ನ್‌ನಲ್ಲಿ ಕೆಲಸ ಮಾಡುವ ಮಗಳು, ಮತ್ತೆ ನನ್ನ ಭಾವ. ಭಾವನ ಕೊಟ್ಟಿಗೆಯಲ್ಲಿ ಈಗಲೂ ಆರು ದನ ಇವೆ. ಹಾಗಾಗಿ ಅವನಿಗೆ ಹಿಮಕ್ಕಿಂತ ಅಲ್ಲಿನ ಹುಲ್ಲಿನ ಮೇಲೆ ಕಣ್ಣು ಜಾಸ್ತಿ.

ದಾರಿ ಹೀಗೆ. ಬರ್ನ್‌ನಿಂದ ವಿಸ್ಪ್‌ಗೆ ರೈಲು, ಸುಮಾರು ಒಂದು ಗಂಟೆ. 2007ರಲ್ಲಿ ತೆರೆದ ಲೋಚ್‌ಬೆರ್ಗ್ ಸುರಂಗದೊಳಗೆ 34.6 ಕಿಲೋಮೀಟರ್ ಕತ್ತಲಲ್ಲೇ ಹೋಗಬೇಕು. ಹೊರಗೆ ಬಂದರೆ ಬೇರೆಯದೇ ದೇಶಕ್ಕೆ ಬಂದ ಹಾಗೆ, ಒಣ ಬಿಸಿಲು. ವಿಸ್ಪ್‌ನಲ್ಲಿ ಜೆರ್ಮಾಟ್ ಕಡೆಗೆ ಹೋಗುವ ಮೀಟರ್ ಗೇಜ್ ರೈಲು ಹತ್ತಬೇಕು. 1891ರಿಂದ ಓಡುತ್ತಿರುವ ಮಾರ್ಗ ಅದು. ಸ್ಟಾಲ್ಡೆನ್‌ನಲ್ಲಿ ಇಳಿದರೆ ಹಳದಿ ಬಣ್ಣದ ಪೋಸ್ಟ್ ಬಸ್ಸು ಕಾಯುತ್ತಾ ಇರುತ್ತದೆ. ಸ್ಟಾಲ್ಡೆನ್ ಇರುವುದು ಸುಮಾರು 800 ಮೀಟರ್ ಎತ್ತರದಲ್ಲಿ, ಟೋರ್ಬೆಲ್ 1500ರಲ್ಲಿ. ಅಂದರೆ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರುವುದಕ್ಕಿಂತ ಹೆಚ್ಚಿನ ಏರು, ಅದೂ ಕೆಲವೇ ಕಿಲೋಮೀಟರಿನಲ್ಲಿ. ತಿರುವಿನಲ್ಲಿ ಡ್ರೈವರ್ ಮೂರು ಸ್ವರದ ಹಾರ್ನ್ ಹೊಡೆದರೆ ಎದುರಿನ ಕಾರು ತಾನಾಗಿ ಹಿಂದೆ ಸರಿಯುತ್ತದೆ. ಬಸ್ಸಿಗೆ ಒಂದು ಅಂಕವನ್ನೂ ಕಡಿಮೆ ಮಾಡಲಾರೆ. ನಾಲ್ಕು ದಿನದಲ್ಲಿ ಒಮ್ಮೆಯೂ ತಡವಾಗಲಿಲ್ಲ.

ಮನೆಯ ವಿಷಯಕ್ಕೆ ಬರುತ್ತೇನೆ. ಲಾರ್ಚ್ ಮರದ ಹಳೇ ಮನೆ. ಬಿಸಿಲಿಗೆ ಸುಟ್ಟು ಮರ ಪೂರ್ತಿ ಕಪ್ಪಾಗಿದೆ, ಬಣ್ಣ ಬಳಿದದ್ದಲ್ಲ. ನಮಗೆ ಸಿಕ್ಕಿದ್ದು ನಡುವಿನ ಅಂತಸ್ತು. ಎರಡು ಕೋಣೆ, ಒಂದು ಅಡುಗೆಮನೆ. ಕೆಳಗಿನ ಅಂತಸ್ತಿಗೆ ಬೇರೆ ಯಜಮಾನರು, ಮೇಲಿನದಕ್ಕೆ ಮತ್ತೊಬ್ಬರು. ಇಲ್ಲಿ ಆಸ್ತಿ ಪಾಲಾಗುವಾಗ ಗಂಡು ಹೆಣ್ಣು ಎನ್ನದೆ ಮಕ್ಕಳಿಗೆಲ್ಲ ಸಮ ಪಾಲು. ಮನೆಯನ್ನೂ ಅಂತಸ್ತಿನ ಲೆಕ್ಕದಲ್ಲಿ ಹಂಚಿಕೊಳ್ಳುವುದು ಹಳೇ ರೂಢಿ. ನಮ್ಮಲ್ಲಿ ಹಿಸೆ ಆದ ಮೇಲೆ ಜಗಲಿ ನಡುವೆ ಗೋಡೆ ಎದ್ದ ಮನೆಗಳು ಎಷ್ಟಿಲ್ಲ? ಇಲ್ಲಿ ಗೋಡೆ ಅಡ್ಡಡ್ಡ ಎದ್ದಿದೆ, ಅಷ್ಟೇ ವ್ಯತ್ಯಾಸ.

ಕೋಣೆಯ ಮೂಲೆಯಲ್ಲಿ ಬಳಪದ ಕಲ್ಲಿನ ಒಲೆ. ಬೆಂಕಿ ಹಾಕುವ ಬಾಯಿ ಅಡುಗೆಮನೆಯಲ್ಲಿ, ಕಾವು ಬರುವುದು ಮಲಗುವ ಕೋಣೆಗೆ. ಸಂಜೆ ನಾಲ್ಕು ಕೊರಡು ಹಾಕಿದರೆ ಬೆಳಗಿನ ತನಕ ಕಲ್ಲು ಬೆಚ್ಚಗಿರುತ್ತದೆ. ಹಾಸಿಗೆ ಚೆನ್ನಾಗಿತ್ತು. ಬಿಸಿನೀರು ಧಾರಾಳ. ಪಾತ್ರೆ ಪಗಡೆ ಎಲ್ಲಾ ಇತ್ತು, ಕುಕ್ಕರ್ ಒಂದಿಲ್ಲ. ಅನ್ನ ಬಸಿದು ಮಾಡಿಕೊಂಡೆವು.

ಒಂದು ಅಂಕ ಕಳೆದದ್ದು ಯಾಕೆಂದರೆ, ನಾವು ಬುಕ್ ಮಾಡಿದ ಮಧ್ಯವರ್ತಿ ಜಾಲತಾಣದಲ್ಲಿ 'ಬಸ್ ನಿಲ್ದಾಣದಿಂದ ಐದು ನಿಮಿಷ' ಅಂತ ಬರೆದಿತ್ತು. ಐದು ನಿಮಿಷ ಬರಿಗೈಯಲ್ಲಿ ಇಳಿಯುವವರಿಗೆ. ಸೂಟ್‌ಕೇಸ್ ಹಿಡಿದು ಕಲ್ಲಿನ ಮೆಟ್ಟಿಲು ಹತ್ತಲು ನಮಗೆ ಇಪ್ಪತ್ತು ನಿಮಿಷ ಹಿಡಿಯಿತು. ಹೆಂಡತಿಗೆ ಮೊಣಕಾಲು ನೋವು, ಎರಡು ದಿನ ಅವಳು ಒದ್ದಾಡಿದಳು. ಇಡೀ ಊರು ಕಡಿದಾದ ಇಳಿಜಾರಿನಲ್ಲಿದೆ, ಸಮತಟ್ಟು ಎನ್ನುವ ಜಾಗವೇ ಇಲ್ಲ. ಇದನ್ನು ಮೊದಲೇ ಹೇಳಬೇಕಿತ್ತು. ರಾತ್ರಿಗೆ 120 ಫ್ರಾಂಕ್ ಬಾಡಿಗೆ, ಅದರ ಮೇಲೆ ಕ್ಲೀನಿಂಗ್ ಅಂತ ಬೇರೆ ದುಡ್ಡು. ನಾಲ್ಕು ಜನಕ್ಕೆ ಹಂಚಿದರೆ ಜೆರ್ಮಾಟ್‌ನ ಹೋಟೆಲಿಗಿಂತ ಎಷ್ಟೋ ಕಡಿಮೆ.

ಇನ್ನು ಊರು. ನಾನು ಇಷ್ಟುದ್ದ ಬರೆಯಲು ಕೂತಿದ್ದೇ ಇದಕ್ಕಾಗಿ.

ಆ ಕಡೆ ಮಳೆ ತುಂಬಾ ಕಡಿಮೆ. ಉತ್ತರಕ್ಕೂ ದಕ್ಷಿಣಕ್ಕೂ ನಾಲ್ಕು ಸಾವಿರ ಮೀಟರಿನ ಬೆಟ್ಟಸಾಲುಗಳು ಮೋಡವನ್ನು ತಡೆದುಬಿಡುತ್ತವೆ. ವಿಸ್ಪ್ ಸುತ್ತಮುತ್ತ ವರ್ಷಕ್ಕೆ ಸುಮಾರು 600 ಮಿಲಿಮೀಟರ್. ನಮ್ಮಲ್ಲಿ ಶಿರಸಿ ದಾಟಿ ಮುಂಡಗೋಡ ಕಡೆ ಹೋದಂತೆ ಮಳೆ ಇಳಿಯುತ್ತದಲ್ಲ, ಕಾರಣ ಅದೇ, ಆದರೆ ಅಲ್ಲಿ ಇನ್ನೂ ಜೋರು. ಶಿರಸಿಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಅಷ್ಟು ಸುರಿದು ಹೋಗುತ್ತದೆ. ಹಾಗಾಗಿ ಮೇಲಿನ ತೊರೆಗಳಿಂದ ಕಾಲುವೆ ತೋಡಿ ನೀರು ತಂದು ಹುಲ್ಲಿಗೆ ಬಿಡುತ್ತಾರೆ. ಸೂವೊನೆನ್ ಅಂತ ಕರೆಯುತ್ತಾರೆ. ಬಂಡೆ ಅಡ್ಡ ಬಂದಲ್ಲಿ ನೀರು ಹರಿಯಲು ಮರದ ದೋಣಿ. ನಾವು ಅಡಿಕೆ ಮರ ಸೀಳಿದ ದಬ್ಬೆ ಹಾಕಿ ಅಬ್ಬಿ ನೀರು ಅಂಗಳಕ್ಕೆ ತರುವ ಕೆಲಸವೇ ಇದು. ಯಾರ ಗದ್ದೆಗೆ ಯಾವ ದಿನ ಎಷ್ಟು ಹೊತ್ತು ನೀರು ಅನ್ನುವುದಕ್ಕೆ ಸರದಿ ಇದೆ. ಓದು ಬರಹ ಎಲ್ಲರಿಗೂ ಇಲ್ಲದ ಕಾಲದಲ್ಲಿ ಈ ಕಣಿವೆಗಳವರು ಮರದ ಕೋಲಿನ ಮೇಲೆ ಕಚ್ಚು ಕೆತ್ತಿ ನೀರಿನ ಹಕ್ಕಿನ ಲೆಕ್ಕ ಇಡುತ್ತಿದ್ದರು. ಯುರೋಪಿನ ಏಳು ದೇಶಗಳ ಈ ಹಳೇ ನೀರಾವರಿ ಪದ್ಧತಿಯನ್ನು 2023ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿಕೊಂಡಿತು, ಸ್ವಿಟ್ಜರ್‌ಲ್ಯಾಂಡ್ ಅದರಲ್ಲಿ ಒಂದು.

ಊರಿನ ಜಮೀನು ಒಂದೇ ಕಡೆ ಇಲ್ಲ. ಕೆಳಗೆ ನದಿಯ ಹತ್ತಿರ ದ್ರಾಕ್ಷಿ. ಅದರ ಮೇಲೆ ಹುಲ್ಲುಗಾವಲು, ರೈ ಅನ್ನುವ ಧಾನ್ಯದ ಗದ್ದೆ, ಮನೆಯ ಸುತ್ತ ತರಕಾರಿ. ಮೇಲೆ ಕಾಡು. ಕಾಡು ಮುಗಿದ ಮೇಲೆ ಬೇಸಿಗೆಯ ಗೋಮಾಳ, ಅದಕ್ಕೆ ಆಲ್ಪ್ ಅನ್ನುತ್ತಾರೆ. ಒಂದೇ ಮನೆಯವರು ವರ್ಷವಿಡೀ ಈ ಏಣಿಯಲ್ಲಿ ಹತ್ತಿ ಇಳಿಯುತ್ತಾ ಬದುಕಿದರು. ದ್ರಾಕ್ಷಿ, ಗದ್ದೆ, ಹುಲ್ಲುಗಾವಲು ಸ್ವಂತದ್ದು. ಕಾಡು ಮತ್ತು ಆಲ್ಪ್ ಊರಿನದು.

ಇಲ್ಲಿನ ಜಮೀನಿನ ಕಾಗದ ಪತ್ರಗಳು 1224ರಿಂದ ಇವೆ. 1483ರ ಫೆಬ್ರವರಿ 1ರಂದು ಊರವರೆಲ್ಲ ಸೇರಿ ಆಲ್ಪ್, ಕಾಡು, ಪಾಳು ಭೂಮಿಯನ್ನು ಹೇಗೆ ಬಳಸಬೇಕು ಅಂತ ಒಂದು ಸಂಘ ಮಾಡಿಕೊಂಡು ಸಹಿ ಹಾಕಿದರು. ಹೊರಗಿನವರು ಇಲ್ಲಿ ಜಮೀನು ಕೊಂಡರೂ ಊರೊಟ್ಟಿನ ಈ ಭೂಮಿಯಲ್ಲಿ ಹಕ್ಕು ಸಿಗುತ್ತಿರಲಿಲ್ಲ. 1517ರಲ್ಲಿ ಇನ್ನೊಂದು ನಿಯಮ ಬರೆದರು: ಚಳಿಗಾಲದಲ್ಲಿ ನಿನ್ನ ಸ್ವಂತ ಹುಲ್ಲಿನಲ್ಲಿ ಎಷ್ಟು ದನ ಸಾಕಬಲ್ಲೆಯೋ ಅಷ್ಟನ್ನೇ ಬೇಸಿಗೆಯಲ್ಲಿ ಊರಿನ ಗೋಮಾಳಕ್ಕೆ ಬಿಡಬೇಕು. ಒಂದೂ ಜಾಸ್ತಿ ಇಲ್ಲ.

ಮಗಳು ಇದನ್ನು ಓದಿ ಹೇಳಿದಾಗ ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಗೊಣಬೆ ನೋಡಿ ದನ ಕಟ್ಟು ಅಂತ ಅಜ್ಜ ಹೇಳ್ತಿದ್ದದ್ದು ಇದೇ ಅಲ್ದಾ ಭಾವ" ಅಂದ. ಗೊಣಬೆ ಅಂದರೆ ಹುಲ್ಲಿನ ಬಣವೆ.

ಎಷ್ಟು ಸರಳ ನೋಡಿ. ಯಾರಿಗೆ ಎಷ್ಟು ಅಂತ ಜಗಳ ಆಡಬೇಕಾಗಿಲ್ಲ, ಅಟ್ಟದ ಮೇಲಿನ ಹುಲ್ಲೇ ಲೆಕ್ಕ ಹೇಳುತ್ತದೆ. ಮೀರಿದವರಿಗೆ ದಂಡ. ದಂಡ ಹಾಕುವ ಊರಿನ ಅಧಿಕಾರಿಗೆ ಆ ದಂಡದಲ್ಲಿ ಅರ್ಧ ಸಿಗುತ್ತಿತ್ತು, ಹಾಗಾಗಿ ಅವನು ಕಣ್ಣು ಮುಚ್ಚಿಕೊಂಡು ಕೂರುವ ಪ್ರಶ್ನೆಯೇ ಇಲ್ಲ. ಆಲ್ಪ್ ಮೇಲೆ ಎಲ್ಲರ ದನದ ಹಾಲನ್ನೂ ಒಟ್ಟಿಗೆ ಕೆಲವೇ ದನಗಾಹಿಗಳು ಚೀಸ್ ಮಾಡುತ್ತಿದ್ದರು. ಬೇಸಿಗೆ ಮುಗಿದ ಮೇಲೆ ದನದ ಲೆಕ್ಕದಲ್ಲಿ ಚೀಸ್ ಪಾಲು.

ನನಗೆ ಇದಕ್ಕಿಂತ ಹಿಡಿಸಿದ್ದು ಸೌದೆಯ ಹಂಚಿಕೆ. ವರ್ಷಕ್ಕೊಮ್ಮೆ ಊರಿನ ಅರಣ್ಯ ನೋಡಿಕೊಳ್ಳುವವರು ಕಡಿಯಬಹುದಾದ ಮರಗಳಿಗೆ ಗುರುತು ಹಾಕುತ್ತಿದ್ದರು. ಮನೆಗಳವರು ಗುಂಪು ಕಟ್ಟಿಕೊಂಡು, ನಮ್ಮ ಮುರಿಯಾಳಿನ ಹಾಗೆ ಎಲ್ಲರೂ ಸಮಸಮ ದುಡಿದು, ಕಡಿದು ಎಳೆದು ತಂದು ಒಂದೇ ಅಳತೆಯ ರಾಶಿಗಳನ್ನು ಮಾಡುತ್ತಿದ್ದರು. ಆಮೇಲೆ ಚೀಟಿ ಎತ್ತುತ್ತಿದ್ದರು. ಯಾವ ರಾಶಿ ಯಾರಿಗೆ ಬರುತ್ತದೋ ಗೊತ್ತಿಲ್ಲದ ಕಾರಣ ಯಾರೂ ಒಂದು ರಾಶಿಯನ್ನು ದೊಡ್ಡದು ಮಾಡುತ್ತಿರಲಿಲ್ಲ. ಬೇರೆ ದಿನ ಕಾಡಿಗೆ ಕೊಡಲಿ ಹಾಕುವಂತಿರಲಿಲ್ಲ.

1970ರ ಸುಮಾರಿಗೆ ರಾಬರ್ಟ್ ನೆಟ್ಟಿಂಗ್ ಅನ್ನುವ ಅಮೆರಿಕದ ಮಾನವಶಾಸ್ತ್ರಜ್ಞ ಇಲ್ಲಿ ಬಂದು ಉಳಿದು ಇದನ್ನೆಲ್ಲ ದಾಖಲು ಮಾಡಿದರು. ಆಮೇಲೆ ಎಲಿನಾರ್ ಆಸ್ಟ್ರಮ್ (2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ) ಊರೊಟ್ಟಿನ ಆಸ್ತಿಯನ್ನು ಊರವರೇ ನೂರಾರು ವರ್ಷ ಕೆಡಿಸದೆ ಕಾಪಾಡಬಲ್ಲರು ಅನ್ನುವುದಕ್ಕೆ ಇದೇ ಟೋರ್ಬೆಲ್ ಉದಾಹರಣೆ ಕೊಟ್ಟರು.

ಇದನ್ನು ಕೇಳುವಾಗ ನನಗೆ ನಮ್ಮ ಸೊಪ್ಪಿನ ಬೆಟ್ಟದ್ದೇ ನೆನಪು. ಬ್ರಿಟಿಷರ ಕಾಲದಲ್ಲಿ ಘಟ್ಟದ ಮೇಲೆ ಎಕರೆ ತೋಟಕ್ಕೆ ಒಂಬತ್ತು ಎಕರೆ ತನಕ ಬೆಟ್ಟ ಬಿಟ್ಟುಕೊಟ್ಟಿದ್ದರು. ತೋಟಕ್ಕೆ ಹಾಕುವ ಸೊಪ್ಪು, ದರಕು (ಒಣ ಎಲೆ), ಕರಡ (ಬೆಟ್ಟದ ಹುಲ್ಲು) ಎಲ್ಲಾ ಅಲ್ಲಿಂದಲೇ. ಲೆಕ್ಕ ಹೆಚ್ಚುಕಡಿಮೆ ಅಲ್ಲಿಯ ಹಾಗೇ, ಇಷ್ಟು ತೋಟಕ್ಕೆ ಇಷ್ಟು ಬೆಟ್ಟ. ಆದರೆ ಅಲ್ಲಿ ನಿಯಮ ಬರೆದವರೂ ಕಾದವರೂ ಊರವರೇ. ನಮ್ಮದು ಮೇಲಿನವರು ಕೊಟ್ಟ ಸವಲತ್ತು. ನಮ್ಮ ಊರಿನಲ್ಲಿ ದನ ಮೇಯುತ್ತಿದ್ದ ಹಾಡಿಗೆ ಒಬ್ಬರು ಬೇಲಿ ಹಾಕಿದರು, ಮರುವರ್ಷ ಇನ್ನೊಬ್ಬರು. ಕೇಳುವವರು ಯಾರು ಅಂತ ಯಾರಿಗೂ ಗೊತ್ತಿರಲಿಲ್ಲ. ನಾನೂ ಕೇಳಲಿಲ್ಲ. ಕುಮಟಾ ಹತ್ತಿರ ಹಳಕಾರದಲ್ಲಿ ಊರವರದೇ ಅರಣ್ಯ ಪಂಚಾಯಿತಿ ಬ್ರಿಟಿಷರ ಕಾಲದಿಂದ ಕಾಡು ಕಾದುಕೊಂಡು ಬಂದಿದೆ, ಅಂದರೆ ನಮ್ಮ ಜಿಲ್ಲೆಯಲ್ಲಿ ಆಗದ ಮಾತೇನೂ ಅಲ್ಲ.

ಅಲ್ಲಿ ಇನ್ನೊಂದು ವಿಷಯ ತಿಳಿದುಕೊಳ್ಳಬೇಕು. ವಾಲಿಸ್ ರಾಜ್ಯದ ಊರುಗಳಲ್ಲಿ ಎರಡು ಪಂಚಾಯಿತಿ ಇರುತ್ತವೆ. ಒಂದು ಈಗ ಅಲ್ಲಿ ವಾಸವಿರುವವರದು, ರಸ್ತೆ, ಶಾಲೆ, ಕಸ ಎಲ್ಲಾ ಅದರದು. ಇನ್ನೊಂದು ಮೂಲ ಊರವರದು, ಕಾಡು ಮತ್ತು ಗೋಮಾಳದ ಒಡೆತನ ಅದಕ್ಕೆ. ಬೆಂಗಳೂರಿನಲ್ಲಿದ್ದರೂ ಊರ ಕಾಡಿನಲ್ಲಿ ಹೆಸರು ಇರುತ್ತದೆ ಅನ್ನೋ ಹಾಗೆ. ಈಗ ಹೆಚ್ಚಿನವರು ದನ ಕಟ್ಟಿಕೊಂಡಿಲ್ಲ, ಬೆಳಿಗ್ಗೆ ಬಸ್ ಹಿಡಿದು ವಿಸ್ಪ್ ಕಡೆ ಕೆಲಸಕ್ಕೆ ಇಳಿಯುತ್ತಾರೆ. ಅಲ್ಲಿ ಲೋಂಝಾದ ದೊಡ್ಡ ಕಾರ್ಖಾನೆ ಇದೆ, ಮಾಡರ್ನಾ ಕೋವಿಡ್ ಲಸಿಕೆಯ ಮುಖ್ಯ ವಸ್ತು ತಯಾರಾದ ಜಾಗಗಳಲ್ಲಿ ಅದೂ ಒಂದು.

ಊರೊಳಗೆ ನಡೆಯುವಾಗ ಧಾನ್ಯದ ಕಣಜಗಳನ್ನು ತಪ್ಪದೆ ನೋಡಿ. ಪುಟ್ಟ ಮರದ ಮನೆ, ಗಿಡ್ಡ ಕಂಬಗಳ ಮೇಲೆ ನಿಂತಿದೆ. ಪ್ರತಿ ಕಂಬಕ್ಕೂ ಮನೆಗೂ ನಡುವೆ ಒಂದು ಅಗಲವಾದ ಚಪ್ಪಟೆ ಕಲ್ಲು, ರೊಟ್ಟಿಯಂತೆ ದುಂಡಗೆ. ಇಲಿ ಕಂಬ ಹತ್ತುತ್ತದೆ, ಕಲ್ಲಿನ ಅಡಿಗೆ ಬಂದು ತಲೆಕೆಳಗಾಗಿ ಹರಿಯಲಾರದೆ ಬೀಳುತ್ತದೆ. ಭಾವ ಕಲ್ಲಿನ ಕೆಳಗೆ ಕೈ ಹಾಕಿ ಸವರಿದ. ಅಡಿಭಾಗ ಮೇಲಿನದಕ್ಕಿಂತ ನುಣುಪಾಗಿತ್ತು. ಗೇಣು ಹಾಕಿ ಅಳತೆಯನ್ನೂ ತೆಗೆದುಕೊಂಡ.

ಊಟದ ಬಗ್ಗೆ. ಮೂಸಾಲ್ಪ್ ಅನ್ನುವ ಜಾಗ 2048 ಮೀಟರಿನಲ್ಲಿದೆ, ಬೇಸಿಗೆಯಲ್ಲಿ ಬಸ್ಸು ಅಲ್ಲಿಗೂ ಹೋಗುತ್ತದೆ. ಎದುರಿಗೆ ಮಿಶಾಬೆಲ್ ಸಾಲು, ಅದರಲ್ಲಿ 4545 ಮೀಟರಿನ ಡೋಮ್. ಅಲ್ಲಿ ರಾಕ್ಲೆಟ್ ತಿಂದೆವು. ಅರ್ಧ ಚಕ್ರ ಚೀಸನ್ನು ಕಾವಿಗೆ ಹಿಡಿದು, ಕರಗಿದ ಪದರವನ್ನು ಬೇಯಿಸಿದ ಆಲೂಗಡ್ಡೆ ಮೇಲೆ ಕೆರೆದು ಹಾಕುತ್ತಾರೆ. ಸಸ್ಯಾಹಾರಿಗಳು ಗಮನಿಸಿ, ಈ ಚೀಸ್ ಹೆಪ್ಪಾಗುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಇದು ಗೊತ್ತಾದ ಮೇಲೆ ಹೆಂಡತಿ ಮುಟ್ಟಲಿಲ್ಲ, ಆಲೂಗಡ್ಡೆಗೆ ಮನೆಯಿಂದ ತಂದ ಅಪ್ಪೆಮಿಡಿ ಉಪ್ಪಿನಕಾಯಿ ನೆಂಚಿಕೊಂಡಳು. ರೈ ಬ್ರೆಡ್ ಮಾತ್ರ ಧೈರ್ಯವಾಗಿ ತಿನ್ನಿ. ಹಿಂದೆ ಊರಿನ ಒಲೆಯಲ್ಲಿ ವರ್ಷಕ್ಕೆ ಕೆಲವೇ ಸಲ ಸುಟ್ಟು ತಿಂಗಳುಗಟ್ಟಲೆ ಇಡುತ್ತಿದ್ದರು. ಒಣಗಿ ಕಲ್ಲಾಗುತ್ತಿದ್ದ ಅದನ್ನು ಕತ್ತರಿಸಲು ಹಲಗೆಗೆ ಕೂಡಿಸಿದ ಉದ್ದನೆ ಕತ್ತಿ ಇರುತ್ತಿತ್ತು, ದೊಡ್ಡ ಅಡಕತ್ತರಿ ನೋಡಿದ ಹಾಗೆ.

ಹೋಗುವವರಿಗೆ: ಸೆಪ್ಟೆಂಬರ್ ಒಳ್ಳೆಯದು, ದನಗಳು ಆಲ್ಪ್‌ನಿಂದ ಇಳಿಯುವ ಸಮಯ. ಅಕ್ಕಿ, ಬೇಳೆ, ಉಪ್ಪಿನಕಾಯಿ ಒಯ್ಯಿರಿ. ತುಪ್ಪ ಬೇಡ, ಭಾರತದಿಂದ ಹಾಲಿನ ಪದಾರ್ಥ ಒಯ್ಯಲು ಬಿಡುವುದಿಲ್ಲ. ಕೊನೆಯ ಬಸ್ಸಿನ ಸಮಯ ಮೊದಲೇ ನೋಡಿಕೊಳ್ಳಿ. ಮಂಡಿನೋವು ಇರುವವರು ಬಾಡಿಗೆ ಮನೆ ಬಸ್ ನಿಲ್ದಾಣಕ್ಕಿಂತ ಕೆಳಗಿದೆಯಾ ಮೇಲಿದೆಯಾ ಅಂತ ಮನೆಯವರನ್ನೇ ಕೇಳಿ ಬುಕ್ ಮಾಡಿ.

ಹೊರಡುವ ದಿನ ಮನೆಯ ಯಜಮಾನಿ ಬಂದಿದ್ದರು. ಎಪ್ಪತ್ತು ದಾಟಿದವರು. ತೋಟದ ಏಲಕ್ಕಿ ಒಂದು ಪೊಟ್ಟಣ ಕೊಟ್ಟೆ. ಒಂದು ಕಾಯಿ ಬಿಡಿಸಿ, ಮೂಸಿ, ಮಗಳ ಹತ್ತಿರ ಏನೋ ಕೇಳಿದರು. ಇದು ಬೆಳೆಯುವ ಜಾಗಕ್ಕೆ ನೀರು ಎಲ್ಲಿಂದ ಬರುತ್ತದೆ ಅಂತ ಕೇಳುತ್ತಿದ್ದಾರೆ ಅಂದಳು ಮಗಳು. ಮೊಬೈಲಿನಲ್ಲಿ ನಮ್ಮ ಅಬ್ಬಿ ನೀರಿನ ದಬ್ಬೆಯ ಫೋಟೋ ಇತ್ತು, ತೋರಿಸಿದೆ. ಹಳದಿ ಬಸ್ಸು ಬರುವ ತನಕ ಅದನ್ನೇ ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದರು.