ಫಿನ್ಸ್ ತೀರವೋ, ಮಸೀರಾ ದ್ವೀಪವೋ?

ಒಮಾನಿನ ಮಸ್ಕತ್‌ನಿಂದ ಮೀನಿನ ಗಾಳ, ಡೇರೆ ಹೊತ್ತು ಕಡಲ ತೀರಕ್ಕೆ ಹೊರಡುವವರಿಗೆ ಶುಕ್ರವಾರ, ಶನಿವಾರದ ರಜೆ ಮಾತ್ರ ಇದ್ದರೆ ಫಿನ್ಸ್ ಸಾಕು. ಅದು ಮಸ್ಕತ್‌ನಿಂದ ಸೂರ್ ಪಟ್ಟಣಕ್ಕೆ ಹೋಗುವ ಹೆದ್ದಾರಿಯ ಪಕ್ಕದಲ್ಲೇ ಇದೆ. ಮಸೀರಾಕ್ಕೆ ಶನ್ನಾ ಬಂದರಿನವರೆಗೆ ಮರುಭೂಮಿಯ ದೀರ್ಘ ದಾರಿ, ಆಮೇಲೆ ಫೆರ್ರಿ. ಎರಡೇ ದಿನಗಳಲ್ಲಿ ಹೋಗಿಬರುವುದು ಶಿಕ್ಷೆಯೇ ಸರಿ.

ನಿಜವಾದ ವ್ಯತ್ಯಾಸ ಗಾಳಿಯದು. ನಮ್ಮ ಕರಾವಳಿಗೆ ಮಳೆ ಸುರಿಸುವ ನೈಋತ್ಯ ಮುಂಗಾರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಸೀರಾದ ಮೇಲೆ ಬರಿಯ ಗಾಳಿ, ಮರಳಾಗಿ ಬೀಸುತ್ತದೆ. ಆಗ ಅಲ್ಲಿ ಸುಖಪಡುವವರು ಗಾಳಿಪಟ ಕಟ್ಟಿಕೊಂಡು ಅಲೆಯ ಮೇಲೆ ಜಾರುವವರು ಮಾತ್ರ. ಹಾಗೆಂದು ಆ ತಿಂಗಳುಗಳಲ್ಲಿ ಫಿನ್ಸ್‌ಗೆ ಹೋಗಬೇಡಿ, ಸೆಕೆ ತಡೆಯಲಾಗದು. ಎರಡಕ್ಕೂ ಚಳಿಗಾಲವೇ ಒಳ್ಳೆಯದು.

ಫಿನ್ಸ್‌ನ ಬಿಳಿ ನೊರಜುಗಲ್ಲಿನಲ್ಲಿ ಗೂಟ ಇಳಿಯುವುದಿಲ್ಲ. ಡೇರೆಯ ಹಗ್ಗವನ್ನು ದಪ್ಪ ಕಲ್ಲಿಗೆ ಬಿಗಿಯಿರಿ. ಮಸೀರಾದ ಸಡಿಲ ಮರಳಿನಲ್ಲಿ ಗೂಟ ಇಳಿಯುತ್ತದೆ, ಅಷ್ಟೇ ಸುಲಭವಾಗಿ ಕಿತ್ತೂ ಬರುತ್ತದೆ. ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಣಕಾಲಾಳದಲ್ಲಿ ಹೂಳಬೇಕು. ಎತ್ತರದ ಡೇರೆ ಬೇಡ. ತಗ್ಗಾದದ್ದನ್ನು ಜೀಪಿನ ಮರೆಯಲ್ಲಿ ಹಾಕಿ. ಟೈರಿನ ಗಾಳಿ ಇಳಿಸಿ ಮರಳಿಗೆ ಹೋಗುವವರು ಮತ್ತೆ ತುಂಬಿಸುವ ಪಂಪನ್ನೂ ಒಯ್ಯಬೇಕು.

ಗಾಳದ ದಾರಕ್ಕೆ ಕಟ್ಟುವ ಸೀಸದ ಗುಂಡು ಫಿನ್ಸ್‌ನಲ್ಲಿ ಹಗುರದ್ದಾದರೂ ನಡೆಯುತ್ತದೆ. ಮಸೀರಾದಲ್ಲಿ ಭಾರದ್ದೇ ಬೇಕು, ಇಲ್ಲವಾದರೆ ಗಾಳಿ ದಾರವನ್ನು ಬಿಲ್ಲಿನಂತೆ ಬಾಗಿಸಿ ಮೀನು ಕಚ್ಚಿದ್ದೂ ಕೈಗೆ ತಿಳಿಯದು.

ಸಮಯವಿದ್ದರೆ ನನ್ನ ಆಯ್ಕೆ ಮಸೀರಾವೇ. ಆದರೆ ಅದು ಕಡಲಾಮೆಗಳು ಮೊಟ್ಟೆಯಿಡುವ ತೀರ. ರಾತ್ರಿ ದೀಪ ಹಚ್ಚಿ ಮರಳಿನ ಮೇಲೆ ಗಾಡಿ ಓಡಿಸುವ ಚಪಲವಿದ್ದರೆ ಫಿನ್ಸ್‌ಗೂ ಹೋಗಬೇಡಿ.